ಕರುಳಿನ ದೀರ್ಘ ಉರಿಯೂತ: ಅರಿತು ಬಾಳುವ ಬಗೆ

ಮೂವತ್ತೈದರ ಆಸುಪಾಸಿನ ಒಬ್ಬ ಶಾಲಾ ಶಿಕ್ಷಕರನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಎದ್ದೊಡನೆ ಬಹಿರ್ದೆಸೆಗೆ ಅವಸರ. ಹೋದರೆ ಮಲಕ್ಕಿಂತ ರಕ್ತ ಮತ್ತು ಲೋಳೆಯೇ ಹೆಚ್ಚು. ಮೂಲವ್ಯಾಧಿಯೆಂದು ಬಗೆದು ಅವರು ಒಂದು ವರ್ಷ ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ. ಕೊನೆಗೆ ತಜ್ಞ ವೈದ್ಯರು ಪರೀಕ್ಷಿಸಿ ಅದು ದೊಡ್ಡಕರುಳಿನ ಉರಿಯೂತವೆಂದು ತಿಳಿಸಿ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ರಕ್ತ ನಿಂತಿತು, ಹಸಿವು ಮರಳಿತು, ಮುಖಕ್ಕೆ ಕಳೆ ಬಂದಿತು. ‘ಗುಣವಾಯಿತು, ಇನ್ನೇಕೆ ಮಾತ್ರೆ’ ಎಂದು ಬಿಟ್ಟುಬಿಟ್ಟರು. ಎಂಟು ತಿಂಗಳು ಸುಖವಾಗಿ ಕಳೆಯಿತು. ಒಂಬತ್ತನೆಯ ತಿಂಗಳಲ್ಲಿ ರೋಗ ಮೊದಲಿಗಿಂತ ಉಗ್ರವಾಗಿ ಮರಳಿತು. ಹದಿನೈದು ದಿನ ಆಸ್ಪತ್ರೆಯಲ್ಲಿರಬೇಕಾಯಿತು, ರಕ್ತವನ್ನೂ ಕೊಡಿಸಬೇಕಾಯಿತು.

ಇದು ಯಾರೊಬ್ಬರದೋ ಕಥೆಯಲ್ಲ. ಈ ರೋಗವುಳ್ಳ ಅನೇಕರ ಬಾಳಿನಲ್ಲಿ ಹೆಸರು ಊರುಗಳು ಮಾತ್ರ ಬದಲಾಗಿ ನಡೆಯುವ ಸಂಗತಿ. ಇಲ್ಲಿ ತಪ್ಪಿದುದು ಎಲ್ಲಿ? ವೈದ್ಯರು ರೋಗವನ್ನು ಸರಿಯಾಗಿ ಗುರುತಿಸಿದ್ದರು, ಔಷಧವೂ ಸರಿಯಾಗಿತ್ತು. ಆದರೆ ರೋಗಿಗೆ ತನ್ನ ರೋಗದ ಸ್ವಭಾವ ತಿಳಿದಿರಲಿಲ್ಲ. ವರ್ಷಕ್ಕೆ 4 ಬಾರಿ ವೈದ್ಯರನ್ನು ಕಂಡು, ಪ್ರತಿ ಸಲವೂ 15 ನಿಮಿಷ ಮಾತನಾಡಿದರೂ ಅದು ಒಟ್ಟು 1 ಗಂಟೆ. ವರ್ಷದ ಉಳಿದ 8,759 ಗಂಟೆಗಳ ಕಾಲ ಆ ಕರುಳನ್ನು ಕಾಯುವವರು ರೋಗಿ ಮತ್ತು ಅವರ ಮನೆಯವರು. ಆದುದರಿಂದ ಈ ತಿಂಗಳ ಆರೋಗ್ಯ ಪಾಠದಲ್ಲಿ ನಾವು ಔಷಧಗಳ ಹೆಸರಿಗಿಂತ ಹೆಚ್ಚಾಗಿ, ಆ ಉಳಿದ ಗಂಟೆಗಳಲ್ಲಿ ರೋಗಿಯು ತನ್ನನ್ನು ತಾನು ನೋಡಿಕೊಳ್ಳುವ ಕ್ರಮವನ್ನು ಕುರಿತು ವಿಚಾರ ಮಾಡೋಣ.

ರೋಗದ ಸ್ವರೂಪ

ಕರುಳಿನ ಉರಿಯೂತದ ರೋಗಗಳಲ್ಲಿ ಮುಖ್ಯವಾದವು ಎರಡು. ಮೊದಲನೆಯದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡಕರುಳಿಗೆ ಸೀಮಿತವಾದುದು; ಗುದನಾಳದಿಂದ ಆರಂಭವಾಗಿ ಮೇಲಕ್ಕೆ ಎಡೆಬಿಡದೆ ಹಬ್ಬುತ್ತದೆ; ಕರುಳಿನ ಒಳಪದರದಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. ಎರಡನೆಯದು ಕ್ರೋನ್ಸ್ ರೋಗ. 1932ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದರು. ಇದು ಬಾಯಿಯಿಂದ ಗುದದ್ವಾರದವರೆಗೆ ಜೀರ್ಣನಾಳದ ಯಾವ ಭಾಗದಲ್ಲಾದರೂ ಬರಬಹುದು. ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. ನಡುನಡುವೆ ಆರೋಗ್ಯವಾದ ಭಾಗವನ್ನು ಬಿಟ್ಟು ಅಲ್ಲಲ್ಲಿ ಕಾಣಿಸಿಕೊಂಡು, ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಹೊಕ್ಕು, ಕೆಲವರಲ್ಲಿ ಕರುಳನ್ನು ಕಿರಿದುಗೊಳಿಸುತ್ತದೆ.

ಎರಡರಲ್ಲಿಯೂ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಕರುಳಿನ ಮೇಲೆ ತಿರುಗಿಬಿದ್ದಿರುತ್ತದೆ. ವಂಶದ ಗುಣ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳಲ್ಲಾದ ಬದಲಾವಣೆ, ಪರಿಸರ, ಇವೆಲ್ಲ ಕೂಡಿ ಕಾರಣವಾಗುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಖಾರ ತಿಂದುದರಿಂದಲೋ, ಚಿಂತೆಯಿಂದಲೋ, ಮಾಡಿದ ಪಾಪದಿಂದಲೋ ಬಂದುದಲ್ಲ. ರೋಗಿಯನ್ನಾಗಲಿ ಮನೆಯ ಅಡುಗೆಯನ್ನಾಗಲಿ ದೂರುವುದರಲ್ಲಿ ಅರ್ಥವಿಲ್ಲ.

ನಮ್ಮ ನಾಡಿನಲ್ಲಿ ಈ ರೋಗವನ್ನು ಮೂಲವ್ಯಾಧಿ, ಆಮಶಂಕೆ ಎಂದು ತಿಳಿದು ಕಾಲ ಕಳೆಯುವುದು ಸಾಮಾನ್ಯ. ಕ್ರೋನ್ಸ್ ರೋಗಕ್ಕೂ ಕರುಳಿನ ಕ್ಷಯಕ್ಕೂ ಲಕ್ಷಣಗಳು ಬಹುಪಾಲು ಒಂದೇ ಆಗಿರುವುದರಿಂದ ತಜ್ಞರೂ ಎಚ್ಚರದಿಂದ ಪರೀಕ್ಷಿಸಬೇಕಾಗುತ್ತದೆ. ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಯಾವುದೊಂದು ಕೆಲವು ವಾರ ಉಳಿದರೂ ಕೊಲೊನೊಸ್ಕೋಪಿ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳತಕ್ಕದ್ದು.

ಈ ರೋಗದ ಮುಖ್ಯ ಸ್ವಭಾವವನ್ನು ಮನಸ್ಸಿನಲ್ಲಿಡಬೇಕು: ಇದಕ್ಕೆ ಉಲ್ಬಣದ ಕಾಲವೂ ಉಂಟು, ಉಪಶಮನದ ಕಾಲವೂ ಉಂಟು. ಉಪಶಮನವೆಂದರೆ ರೋಗ ಹೋಯಿತೆಂದಲ್ಲ; ಬೂದಿ ಮುಚ್ಚಿದ ಕೆಂಡದಂತೆ ಅಡಗಿದೆಯೆಂದು. ಆ ಶಿಕ್ಷಕರು ಎಡವಿದುದು ಇಲ್ಲಿಯೇ.

ಅರಿವಿನಿಂದ ಆಗುವ ಫಲ

ರೋಗಿಗೆ ತಿಳಿವಳಿಕೆ ಕೊಟ್ಟರೆ ನಿಜವಾಗಿಯೂ ಪ್ರಯೋಜನವುಂಟೇ ಎಂಬುದನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದ ವೈದ್ಯರು ಪರೀಕ್ಷಿಸಿ ನೋಡಿದರು. ಅಲ್ಸರೇಟಿವ್ ಕೊಲೈಟಿಸ್ ಇದ್ದ 203 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಅವರವರ ರೋಗಕ್ಕೆ ತಕ್ಕಂತೆ ಒಂದು ಯೋಜನೆಯನ್ನು ತಿಳಿಸಿಕೊಟ್ಟರು: ರೋಗ ಮರಳುವ ಲಕ್ಷಣಗಳು ಯಾವುವು, ಆಗ ಯಾವ ಔಷಧವನ್ನು ಎಷ್ಟು ಆರಂಭಿಸಬೇಕು, ಯಾವಾಗ ಆಸ್ಪತ್ರೆಗೆ ಬರಬೇಕು. ಇನ್ನೊಂದು ಗುಂಪಿನವರು ರೂಢಿಯಂತೆ ಆಸ್ಪತ್ರೆಗೆ ಬಂದುಹೋಗುತ್ತಿದ್ದರು. 2001ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯೋಜನೆ ಕೈಯಲ್ಲಿದ್ದವರಿಗೆ ರೋಗ ಮರುಕಳಿಸಿದ ಸುಮಾರು 15 ಗಂಟೆಗಳಲ್ಲಿ ಚಿಕಿತ್ಸೆ ಆರಂಭವಾಯಿತು. ಇಲ್ಲದವರಿಗೆ ಸುಮಾರು 50 ಗಂಟೆಗಳು ಹಿಡಿದವು. ಆಸ್ಪತ್ರೆಗೆ ಅಲೆಯುವುದೂ ಮೊದಲ ಗುಂಪಿನವರಿಗೆ ಬಹಳ ಕಡಿಮೆಯಾಯಿತು. ಅದರಿಂದ ಅವರಿಗೆ ಕೇಡೇನೂ ಆಗಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ಸ್ವನಿರ್ವಹಣೆಯೆಂದರೆ ಸ್ವವೈದ್ಯವಲ್ಲ. ಆ ರೋಗಿಗಳು ಮನಸ್ಸಿಗೆ ಬಂದ ಮಾತ್ರೆಯನ್ನು ಅಂಗಡಿಯಲ್ಲಿ ಕೊಂಡು ನುಂಗಲಿಲ್ಲ. ವೈದ್ಯರೊಡನೆ ಮೊದಲೇ ಒಪ್ಪಿಕೊಂಡ ಯೋಜನೆಯನ್ನು ಹೊತ್ತು ಮೀರದಂತೆ ಜಾರಿಗೆ ತಂದರು. ಮಾರ್ಗ ವೈದ್ಯರದು, ನಡಿಗೆ ರೋಗಿಯದು.

ಒಂದು ದಿನಚರಿ ಪುಸ್ತಕ

ಇದರ ಮೊದಲ ಹೆಜ್ಜೆ ನೂರು ಹಾಳೆಯ ಒಂದು ನೋಟ್‌ಬುಕ್ಕು. ಪ್ರತಿದಿನ ಮಲಗುವ ಮುನ್ನ ಐದು ಸಂಗತಿಗಳನ್ನು ಬರೆಯಬೇಕು: ಎಷ್ಟು ಸಲ ಬಹಿರ್ದೆಸೆಗೆ ಹೋದುದು, ರಾತ್ರಿ ಎದ್ದುದು ಎಷ್ಟು ಸಲ, ರಕ್ತ ಕಂಡಿತೇ, ಎಷ್ಟು, ಹೊಟ್ಟೆನೋವು, ಜ್ವರ, ಕೀಲುನೋವು, ಕಣ್ಣು ಕೆಂಪಾಗುವುದು ಇವುಗಳಲ್ಲಿ ಏನಾದರೂ ಉಂಟೇ, ಔಷಧ ತೆಗೆದುಕೊಂಡೆನೇ, ಬಿಟ್ಟೆನೇ. ವಾರಕ್ಕೊಮ್ಮೆ ತೂಕವನ್ನು ಗುರುತು ಹಾಕಿಕೊಳ್ಳಬೇಕು. ಕೀಲು, ಕಣ್ಣು, ಚರ್ಮ ಇವನ್ನೇಕೆ ಬರೆಯಬೇಕೆಂದರೆ, ಈ ಉರಿಯೂತವು ಕರುಳಿನ ಹೊರಗೂ ಕಾಣಿಸಿಕೊಳ್ಳುವುದುಂಟು.

ಅದೇ ಪುಸ್ತಕದ ಹಿಂಬದಿಯಲ್ಲಿ ರೋಗದ ಪೂರ್ಣ ಹೆಸರು, ಅದು ಕರುಳಿನ ಯಾವ ಭಾಗದಲ್ಲಿದೆ, ಕೊಲೊನೊಸ್ಕೋಪಿ ಮಾಡಿಸಿದ ದಿನಾಂಕಗಳು, ಈಗಿನ ಔಷಧಗಳು, ಹಿಂದೆ ಒಗ್ಗದ ಔಷಧಗಳು, ಹಿಮೋಗ್ಲೋಬಿನ್, ಸಿಆರ್‌ಪಿ, ಮಲದ ಕ್ಯಾಲ್‌ಪ್ರೊಟೆಕ್ಟಿನ್ ಮುಂತಾದ ಪರೀಕ್ಷೆಗಳ ಫಲಿತಾಂಶ, ಇವಿಷ್ಟೂ ಇರಲಿ. ಕ್ಯಾಲ್‌ಪ್ರೊಟೆಕ್ಟಿನ್ ಕರುಳಿನ ಉರಿಯೂತವನ್ನು ಸೂಚಿಸುವ ಅಂಶ. ಲಕ್ಷಣಗಳು ಕಾಣುವ ಮೊದಲೇ ಅದು ಏರಬಹುದು. ಊರು ಬಿಟ್ಟು ಬೇರೆಡೆ ಇದ್ದಾಗ ರೋಗ ಉಲ್ಬಣಿಸಿದರೆ ಅಲ್ಲಿಯ ವೈದ್ಯರಿಗೆ ಈ ಒಂದು ಪುಸ್ತಕವೇ ಸಾಕು.

ಔಷಧದ ನೇಮ

ಅಮೆರಿಕದ ಒಂದು ಅಧ್ಯಯನದಲ್ಲಿ, ಮೆಸಲಮಿನ್ ಸೇವಿಸುತ್ತ ಉಪಶಮನದಲ್ಲಿದ್ದ 99 ಜನ ಕೊಲೈಟಿಸ್ ರೋಗಿಗಳನ್ನು ಗಮನಿಸಲಾಯಿತು. ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳದವರಲ್ಲಿ ರೋಗ ಮರುಕಳಿಸುವ ಸಂಭವವು ತೆಗೆದುಕೊಂಡವರಿಗಿಂತ ಐದುಪಟ್ಟಿಗೂ ಹೆಚ್ಚೆಂದು 2003ರಲ್ಲಿ ವರದಿಯಾಯಿತು. ಆರೋಗ್ಯವಾಗಿರುವಾಗ ನುಂಗುವ ಮಾತ್ರೆಯೇ ಆರೋಗ್ಯವನ್ನು ಉಳಿಸುತ್ತಿರುವ ಮಾತ್ರೆ ಎಂಬುದು ಇದರ ತಾತ್ಪರ್ಯ.

ಮರೆವಿಗೆ ನಮ್ಮ ಮನೆಗಳಲ್ಲಿಯೇ ಒಂದು ಮದ್ದುಂಟು. ನಿತ್ಯವೂ ಇಷ್ಟಲಿಂಗಪೂಜೆ ಮಾಡುವವರು ಆ ಹೊತ್ತನ್ನು ತಪ್ಪಿಸುವುದಿಲ್ಲ. ಮಾತ್ರೆಯ ಡಬ್ಬಿಯನ್ನು ಪೂಜೆಯ ಕೋಣೆಯ ಗೂಡಿನಲ್ಲಿಟ್ಟು, ಪೂಜೆ ಮುಗಿಸಿ ಏಳುವಾಗ ಅಥವಾ ನಂತರದ ಉಪಾಹಾರದೊಡನೆ ಸೇವಿಸುವುದನ್ನು ರೂಢಿಸಿಕೊಂಡರೆ ಅದೂ ನೇಮವಾಗಿಬಿಡುತ್ತದೆ.

ಔಷಧಗಳ ವಿಷಯದಲ್ಲಿ ಇನ್ನು ಕೆಲವು ಎಚ್ಚರಿಕೆಗಳು ಅಗತ್ಯ. ಮೆಸಲಮಿನ್ ಮಾತ್ರೆಗೆ ಕರುಳಿನಲ್ಲಿಯೇ ಕರಗುವಂತೆ ಲೇಪನವಿರುವುದರಿಂದ ಅದನ್ನು ಪುಡಿಮಾಡಬಾರದು, ಅಗಿಯಬಾರದು. ಗುದದ್ವಾರದ ಮೂಲಕ ಬಳಸುವ ಔಷಧವನ್ನು ಸಂಕೋಚದಿಂದ ಬಿಡಬಾರದು; ರೋಗ ಕೆಳಭಾಗದಲ್ಲಿರುವವರಿಗೆ ನೇರವಾಗಿ ಹುಣ್ಣಿಗೆ ತಲುಪುವುದು ಅದೇ. ಸ್ಟಿರಾಯ್ಡ್ ಮಾತ್ರೆಗಳು ಉಲ್ಬಣವನ್ನು ಶಮನಗೊಳಿಸಲು ಮಾತ್ರ. ವರ್ಷಗಟ್ಟಲೆ ಸೇವಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ತಲೆದೋರುತ್ತವೆ. ಹಾಗೆಂದು ಹಠಾತ್ತನೆ ನಿಲ್ಲಿಸುವುದೂ ಅಪಾಯ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸತಕ್ಕದ್ದು. ಅಜಥಿಯೊಪ್ರಿನ್ ತೆಗೆದುಕೊಳ್ಳುವವರು ನಿಗದಿತ ಕಾಲಕ್ಕೆ ರಕ್ತಕಣಗಳ ಎಣಿಕೆ ಮಾಡಿಸಬೇಕು; ಜ್ವರ, ಗಂಟಲುಹುಣ್ಣು ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ಮೊದಲಾದ ಚುಚ್ಚುಮದ್ದುಗಳಿಗೆ ಮುಂಚೆ ಕ್ಷಯದ ತಪಾಸಣೆ ಕಡ್ಡಾಯ. ಅಡಗಿರುವ ಕ್ಷಯ ಆಗ ಮೇಲೆದ್ದು ಬರಬಹುದು.

ಮೊಣಕಾಲು ನೋವಿಗೆಂದು ಅಂಗಡಿಯಿಂದ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಕರುಳನ್ನು ಕೆರಳಿಸಬಲ್ಲವು. ಜ್ವರಕ್ಕೂ ಸಣ್ಣಪುಟ್ಟ ನೋವಿಗೂ ಪ್ಯಾರಾಸಿಟಮಾಲ್ ಲೇಸು. ಆಯುರ್ವೇದದಲ್ಲಿ ನಂಬಿಕೆಯುಳ್ಳವರು ಆ ಔಷಧವನ್ನು ತಜ್ಞರಿಗೆ ಮರೆಮಾಚಬಾರದು. ಅದಕ್ಕಾಗಿ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಲೂಬಾರದು.

ರೋಗ ಮರಳಿದಾಗ

ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅವರಿಂದಲೇ ಪುಸ್ತಕದಲ್ಲಿ ಬರೆಯಿಸಿಕೊಳ್ಳಬೇಕು. ‘ನನ್ನ ರೋಗ ಮರಳುತ್ತಿದೆಯೆಂಬುದಕ್ಕೆ ಮೊದಲ ಗುರುತೇನು? ಆಗ ನಾನು ಮನೆಯಲ್ಲಿಯೇ ಯಾವ ಔಷಧವನ್ನು ಎಷ್ಟು ಹೆಚ್ಚಿಸಬಹುದು? ಎಷ್ಟು ದಿನ ಕಾದು, ಯಾರಿಗೆ ದೂರವಾಣಿ ಮಾಡಬೇಕು?’ ಉತ್ತರ ರೋಗಿಯಿಂದ ರೋಗಿಗೆ ಬೇರೆಯಾಗುತ್ತದೆ. ಆದುದರಿಂದ ಪಕ್ಕದ ಮನೆಯವರ ಚೀಟಿಯನ್ನು ಅನುಸರಿಸುವಂತಿಲ್ಲ. ಭೇದಿಯೆಲ್ಲವೂ ರೋಗದ ಮರುಕಳಿಕೆಯಲ್ಲ, ಸೋಂಕೂ ಆಗಿರಬಹುದು. ಅದನ್ನು ಮಲಪರೀಕ್ಷೆಯಿಂದ ತಿಳಿಯಬೇಕು.

ಕಾಯಲೇಬಾರದ ಸ್ಥಿತಿ ಯಾವುದು? 1955ರಲ್ಲಿ ಆಕ್ಸ್‌ಫರ್ಡಿನ ವೈದ್ಯರಾದ ಟ್ರೂಲವ್ ಮತ್ತು ವಿಟ್ಸ್ ತೀವ್ರ ಕೊಲೈಟಿಸನ್ನು ಗುರುತಿಸಲು ಹಾಕಿಕೊಟ್ಟ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಅದರಂತೆ ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿಯಾಗುತ್ತಿದ್ದು, ಅದರೊಡನೆ 100 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರವಾಗಲಿ, ನಿಮಿಷಕ್ಕೆ 90 ಮೀರಿದ ನಾಡಿಬಡಿತವಾಗಲಿ, 10.5 ಗ್ರಾಮಿಗಿಂತ ಇಳಿದ ಹಿಮೋಗ್ಲೋಬಿನ್ ಆಗಲಿ ಇದ್ದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಹೊಟ್ಟೆ ಉಬ್ಬಿ ಬಿಗಿಯುವುದು, ವಾಂತಿಯೊಡನೆ ಮಲವಾಯುಗಳು ನಿಂತುಹೋಗುವುದು, ತಲೆಸುತ್ತಿ ಬೀಳುವುದು, ಗುದದ್ವಾರದ ಬಳಿ ಕೀವುಗಟ್ಟಿ ನೋಯುವುದು, ಇವೂ ಹಾಗೆಯೇ. ತೀವ್ರ ರಕ್ತಭೇದಿಯಲ್ಲಿ ಅದನ್ನು ಕಟ್ಟುವ ಲೊಪೆರಮೈಡ್ ಮಾತ್ರೆಯನ್ನು ನುಂಗಬಾರದು. ಕರುಳು ಅಪಾಯಕಾರಿಯಾಗಿ ಹಿಗ್ಗಬಹುದು.

ಆಹಾರ, ಪ್ರಸಾದ, ಉಪವಾಸ

ಎಲ್ಲರಿಗೂ ಒಪ್ಪುವ ಒಂದೇ ಪಥ್ಯ ಈ ರೋಗಕ್ಕಿಲ್ಲ. ಭಯದಿಂದ ಒಂದೊಂದನ್ನೇ ಬಿಡುತ್ತ ಹೋಗಿ ಕೊನೆಗೆ ಗಂಜಿಯೊಂದರಲ್ಲಿಯೇ ನಿಂತು ಸೊರಗುವವರುಂಟು, ಇದು ಸಲ್ಲದು. ಉಪಶಮನದ ಕಾಲದಲ್ಲಿ ರೊಟ್ಟಿ, ಅನ್ನ, ಬೇಳೆ, ಕಾಯಿಪಲ್ಯ, ಹಣ್ಣುಗಳಿರುವ ನಿತ್ಯದ ಊಟವನ್ನೇ ಮಾಡಬಹುದು. ಉಲ್ಬಣದ ಕಾಲದಲ್ಲಿ ಮೆತ್ತನೆಯ ಅನ್ನ, ಹೆಸರುಬೇಳೆಯ ತೊವ್ವೆ, ಇಡ್ಲಿ, ಸಿಪ್ಪೆ ತೆಗೆದು ಬೇಯಿಸಿದ ಸೋರೆಕಾಯಿ, ಗಜ್ಜರಿ, ಬಾಳೆಹಣ್ಣು ಹಿತ. ಹಸಿ ಸೊಪ್ಪು, ಇಡಿ ಕಾಳು, ಖಾರದ ಚಟ್ನಿಪುಡಿ, ಕರಿದ ತಿಂಡಿಗಳನ್ನು ಕೆಲದಿನ ದೂರವಿಡಬೇಕು. ಕರುಳು ಕಿರಿದಾಗಿದೆಯೆಂದು ವೈದ್ಯರು ಹೇಳಿರುವ ಕ್ರೋನ್ಸ್ ರೋಗಿಗಳಿಗೆ ನಾರು, ಸಿಪ್ಪೆ, ಬೀಜಗಳ ಬಗ್ಗೆ ಯಾವಾಗಲೂ ಎಚ್ಚರ ಬೇಕು. ಹಾಲು ಕುಡಿದಾಗ ಹೊಟ್ಟೆಯುಬ್ಬರ, ಭೇದಿ ಆಗುವವರು ಮಾತ್ರ ಹಾಲನ್ನು ಬಿಟ್ಟು ಮೊಸರು, ಮಜ್ಜಿಗೆಯನ್ನು ಪರೀಕ್ಷಿಸಿ ನೋಡಬಹುದು. ಭೇದಿ ಹೆಚ್ಚಿದಾಗ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ ಕುಡಿಯಬೇಕು.

ಸಣ್ಣಕರುಳಿನ ಕೊನೆಯ ಭಾಗವೇ ಬಿ12 ಜೀವಸತ್ವವನ್ನು ಹೀರಿಕೊಳ್ಳುವ ಸ್ಥಳ. ಕ್ರೋನ್ಸ್ ಅಲ್ಲಿಯೇ ನೆಲೆಸಿದ್ದರೆ, ಜೊತೆಗೆ ರೋಗಿಯು ಸಸ್ಯಾಹಾರಿಯಾಗಿದ್ದರೆ, ಕೊರತೆಗೆ ಎರಡು ಕಾರಣಗಳು ಕೂಡುತ್ತವೆ. ಸಸ್ಯಾಹಾರವನ್ನೇ ಪಾಲಿಸುವ ನಮ್ಮ ಸಮಾಜದ ಬಂಧುಗಳು ಬಿ12, ಕಬ್ಬಿಣ, ಡಿ ಜೀವಸತ್ವಗಳ ಮಟ್ಟವನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿಕೊಂಡು, ಕೊರತೆಯಿದ್ದರೆ ವೈದ್ಯರ ಸಲಹೆಯಂತೆ ತುಂಬಿಕೊಳ್ಳಬೇಕು.

ದಾಸೋಹದಲ್ಲಿ ಕುಳಿತವರಿಗೆ ಒಂದು ಸಂಕಟವುಂಟು. ಪ್ರಸಾದವನ್ನು ತಟ್ಟೆಯಲ್ಲಿ ಉಳಿಸಬಾರದು. ಉಣ್ಣೋಣವೆಂದರೆ ಹೊಟ್ಟೆ ತಾಳದು. ಬಡಿಸುವ ಮೊದಲೇ ‘ಅನ್ನ, ಮಜ್ಜಿಗೆ ಇಷ್ಟೇ ಸಾಕು’ ಎಂದು ಹೇಳಿದರೆ ಪ್ರಸಾದಕ್ಕೆ ಕುಂದೂ ಇಲ್ಲ, ದೇಹಕ್ಕೆ ಕೇಡೂ ಇಲ್ಲ. ಬಡಿಸುವವರೂ ಒತ್ತಾಯಿಸದಿರುವುದು ದಾಸೋಹದ ಧರ್ಮವೇ. ಶಿವರಾತ್ರಿಯ, ಶ್ರಾವಣ ಸೋಮವಾರಗಳ ಉಪವಾಸವನ್ನು ಉಲ್ಬಣದ ಕಾಲದಲ್ಲಿ ಕೈಗೊಳ್ಳಬಾರದು. ಉಪಶಮನದಲ್ಲಿರುವವರೂ ವೈದ್ಯರನ್ನು ಕೇಳಿ, ನೀರು ಮತ್ತು ಔಷಧಗಳನ್ನು ಬಿಡದೆ ಆಚರಿಸಬೇಕು. ತಂಬಾಕಿನ ವಿಷಯದಲ್ಲಂತೂ ಸಂದೇಹವೇ ಇಲ್ಲ: ಧೂಮಪಾನವು ಕ್ರೋನ್ಸ್ ರೋಗವನ್ನು ನಿಶ್ಚಯವಾಗಿ ಕೆಡಿಸುತ್ತದೆ.

ಲಜ್ಜೆಯೆಂಬ ಇನ್ನೊಂದು ರೋಗ

ಈ ರೋಗದವರನ್ನು ಕರುಳಿಗಿಂತ ಹೆಚ್ಚಾಗಿ ಬಾಧಿಸುವುದು ಲಜ್ಜೆ. ಎಲ್ಲಿ ಅವಸರವಾಗುವುದೋ ಎಂದು ಮದುವೆಗೆ ಹೋಗರು, ಜಾತ್ರೆಗೆ ಹೋಗರು, ಬಸ್ಸು ಹತ್ತಲು ಅಂಜುವರು. ಕೆಲವರು ‘ನನ್ನ ದೇಹ ಮೈಲಿಗೆಯಾಯಿತು’ ಎಂದುಕೊಂಡು ಲಿಂಗಪೂಜೆಯನ್ನೇ ಬಿಡುವುದೂ ಉಂಟು. ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಮೇಲೆ ಮಲಸಂಗ್ರಹದ ಚೀಲ ಧರಿಸಿದವರಲ್ಲಿ ಈ ಭಾವ ಇನ್ನೂ ತೀವ್ರ. ಅಂಥವರಿಗೆ ನಾವು ನೆನಪಿಸಬೇಕಾದುದು ಇಷ್ಟೇ: ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಅಲ್ಲಗಳೆದ ಪರಂಪರೆ ಶರಣರದು. ಅಂಗದ ಮೇಲೆ ಲಿಂಗವಿರುವವರಿಗೆ ಸ್ರವಿಸುವ ರಕ್ತದಿಂದಾಗಲಿ, ಹೊಟ್ಟೆಯ ಮೇಲಿನ ಚೀಲದಿಂದಾಗಲಿ ಸೂತಕವುಂಟಾಗದು. ಕೈಕಾಲು ತೊಳೆದು ಪೂಜೆಗೆ ಕುಳಿತುಕೊಳ್ಳಿ. ಆರೋಗ್ಯದ ದೃಷ್ಟಿಯಿಂದಲೂ ಬೇಕಾದುದು ಅಷ್ಟೇ.

ಮನೆಯಲ್ಲಿ ಒಬ್ಬರಿಗಾದರೂ, ಕೆಲಸದ ಸ್ಥಳದಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ. ‘ನನಗೆ ಕರುಳಿನ ಉರಿಯೂತವಿದೆ, ಆಗಾಗ ಎದ್ದು ಹೋಗಬೇಕಾಗುತ್ತದೆ’ ಎಂಬ ಒಂದು ಮಾತು ಹತ್ತು ಸಂಶಯಗಳನ್ನು ಕಳೆಯುತ್ತದೆ. ಪ್ರಯಾಣದಲ್ಲಿ ಬಾಗಿಲ ಬಳಿಯ ಆಸನ, ಚೀಲದಲ್ಲಿ ಒಂದು ಜೊತೆ ಬಟ್ಟೆ, ನೀರು, ಎರಡು ದಿನದ ಹೆಚ್ಚಿನ ಮಾತ್ರೆ, ಕಂಡಕ್ಟರಿಗೆ ಮುಂಚೆಯೇ ಒಂದು ಸೂಚನೆ, ಇಷ್ಟಿದ್ದರೆ ಅಂಜಿಕೆ ಅರ್ಧವಾಗುತ್ತದೆ. ಬಹಳ ದಿನ ಮನಸ್ಸು ಕುಗ್ಗಿದ್ದರೆ, ನಿದ್ದೆ ಬಾರದಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು, ಅದಕ್ಕೂ ಚಿಕಿತ್ಸೆಯುಂಟು. ಮಗಳ ಮದುವೆಗೆ ತೊಡಕಾದೀತೆಂದು ರೋಗವನ್ನು ಬಚ್ಚಿಟ್ಟು ಔಷಧ ತಪ್ಪಿಸುವ ತಂದೆತಾಯಿಗಳು ಒಂದನ್ನು ತಿಳಿದಿರಲಿ: ಈ ರೋಗವುಳ್ಳ ಹೆಚ್ಚಿನ ಮಹಿಳೆಯರು ಉಪಶಮನದ ಕಾಲದಲ್ಲಿ ಗರ್ಭ ಧರಿಸಿ ಆರೋಗ್ಯವಂತ ಶಿಶುಗಳನ್ನು ಹೆರುತ್ತಾರೆ. ಗರ್ಭಕ್ಕೆ ಮುಂಚೆಯೇ ವೈದ್ಯರೊಡನೆ ಮಾತನಾಡಬೇಕು. ಮೆಥೊಟ್ರೆಕ್ಸೇಟ್‌ನಂಥ ಕೆಲವನ್ನು ಬಿಡಿಸುತ್ತಾರೆ, ಹೆಚ್ಚಿನ ಔಷಧಗಳನ್ನು ಮುಂದುವರಿಸುತ್ತಾರೆ.

ದೂರದ ಎಚ್ಚರ

ದೊಡ್ಡಕರುಳಿನಲ್ಲಿ ಉರಿಯೂತ ವರ್ಷಗಟ್ಟಲೆ ಉಳಿದರೆ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಆದುದರಿಂದ ಲಕ್ಷಣಗಳು ಆರಂಭವಾಗಿ ಸುಮಾರು 8 ವರ್ಷವಾದವರು, ಆರೋಗ್ಯವಾಗಿದ್ದರೂ, ಕೊಲೊನೊಸ್ಕೋಪಿ ಮಾಡಿಸಿಕೊಂಡು ಮುಂದೆ ಎಷ್ಟು ವರ್ಷಕ್ಕೊಮ್ಮೆ ಬೇಕೆಂದು ಕೇಳಿಕೊಳ್ಳಬೇಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುವವರು ಯಾವ ಲಸಿಕೆ ಸಲ್ಲುವುದೆಂದು ತಿಳಿದಿರಬೇಕು; ಜೀವಂತ ರೋಗಾಣುಗಳಿಂದ ತಯಾರಾದ ಲಸಿಕೆಗಳು ಅವರಿಗೆ ಸಲ್ಲವು.

ಕಾಯಕವನ್ನು ಬಾಳಿನ ನಡುವೆ ಇರಿಸಿದವರು ಶರಣರು. ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ಅದನ್ನು ಕಾಪಾಡಿಕೊಳ್ಳುವುದು ಸ್ವಾರ್ಥವೂ ಅಲ್ಲ, ದೌರ್ಬಲ್ಯವೂ ಅಲ್ಲ. ಲೇಖನದ ಮೊದಲಲ್ಲಿ ಕಂಡ ಆ ಶಿಕ್ಷಕರಂಥವರು ಮತ್ತೆ ಪಾಠದ ಕೋಣೆಯಲ್ಲಿ ನಿಶ್ಚಿಂತೆಯಿಂದ ನಿಲ್ಲುವುದು ಸಾಧ್ಯವಿದೆ. ಅದಕ್ಕಾಗಿ ಈ ತಿಂಗಳಲ್ಲಿಯೇ ಮೂರು ಕೆಲಸಗಳಾಗಲಿ: ದಿನಚರಿ ಪುಸ್ತಕವೊಂದನ್ನು ಆರಂಭಿಸಿ, ಮುಂದಿನ ಭೇಟಿಯಲ್ಲಿ ಆ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಿಸಿಕೊಳ್ಳಿ, ಇಷ್ಟು ದಿನ ಬಚ್ಚಿಟ್ಟಿದ್ದರೆ ಮನೆಯ ಒಬ್ಬರಲ್ಲಿ ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಈ ರೋಗವಿಲ್ಲದಿದ್ದರೆ, ಮೂಲವ್ಯಾಧಿಯೆಂದು ಸುಮ್ಮನಿರುವ ನೆರೆಯವರೊಬ್ಬರಿಗೆ ಈ ಲೇಖನವನ್ನು ಓದಿ ಹೇಳಿ.